ಯಾವ ಪ್ರೋಟೀನ್ ಅಂತ ಕೇಳುವ ಮೊದಲು: ಪುಟ್ಟಿಗೊಂದು ಪತ್ರ

ಪ್ರೀತಿಯ ಪುಟ್ಟಿಗೆ,

ದೊಡ್ಡಮ್ಮನ ಆಶೀರ್ವಾದಗಳು. ನೀನು ಕಳಿಸಿದ ಸೆಮಿನಾರ್ ಕರಡು ಓದಿದೆ. ಹಲ್ಲಿನ ಬೆಳವಣಿಗೆ, ಅದರಲ್ಲೂ ಸಿಗ್ನಲ್ ಪ್ರೋಟೀನ್‌ಗಳು, ಅಂದರೆ ಒಂದು ಜೀವಕೋಶ ಇನ್ನೊಂದಕ್ಕೆ ಸಂದೇಶವಾಗಿ ಕಳಿಸುವ ಪ್ರೋಟೀನ್‌ಗಳು. ವಿಷಯ ಚೆನ್ನಾಗಿದೆ. ಶ್ರಮ ಪಟ್ಟಿರುವುದೂ ಕಾಣುತ್ತದೆ. ಆದರೆ ಪುಟಗಟ್ಟಲೆ ಕೋಷ್ಟಕ ಮಾಡಿದ್ದೀಯಲ್ಲ, ಎಡಗಡೆ ಪ್ರೋಟೀನಿನ ಹೆಸರು, ಬಲಗಡೆ ಅದರ ‘ಕೆಲಸ’, ಅದರ ಬಗ್ಗೆ ನನ್ನದೊಂದು ತಕರಾರಿದೆ. ಎಡಗಡೆಯದೆಲ್ಲ ಸರಿ. ತೊಂದರೆ ಇರುವುದು ಬಲಗಡೆ.

ಬಿಎಂಪಿ4 ಎಂಬ ಸಿಗ್ನಲ್ ಪ್ರೋಟೀನ್ ಮುಂದೆ ನೀನು ಬರೆದದ್ದು ಒಂದೇ ಸಾಲು: ‘ಹಲ್ಲಿನ ಮೊಗ್ಗನ್ನು ಪ್ರಚೋದಿಸುತ್ತದೆ’. ಎಲ್ಲಿಂದ ಬಂದ ಬಿಎಂಪಿ4, ಯಾವಾಗ ಬಂದದ್ದು? ಭ್ರೂಣದ ಬಾಯಿಯಲ್ಲಿ ಮೊದಲು ದಪ್ಪವಾಗುವುದು ಮೇಲಿನ ಹೊದಿಕೆ, ಅಂದರೆ ಎಪಿಥೀಲಿಯಂ ಪದರ. ಮನುಷ್ಯರಲ್ಲಿ ಇದು ಆರನೇ ವಾರದ ಹೊತ್ತಿಗೆ ಆಗುತ್ತದೆ. ಆಗ ಬಿಎಂಪಿ4 ತಯಾರಾಗುವುದು ಆ ಪದರದಲ್ಲೇ. ಅದು ಕೆಳಗಿನ ಸಡಿಲ ಅಂಗಾಂಶವಾದ ಮೆಸೆಂಕೈಮ್‌ಗೆ ಇಳಿದು ಎಂಎಸ್‌ಎಕ್ಸ್1 ಎಂಬ ಜೀನನ್ನು ಚಾಲೂ ಮಾಡುತ್ತದೆ. ಸ್ವಲ್ಪ ಸಮಯ ಕಳೆಯಲಿ, ಪಾತ್ರ ತಿರುಗುಮುರುಗು. ಈಗ ಮೆಸೆಂಕೈಮ್ ತಾನೇ ಬಿಎಂಪಿ4 ಮಾಡಿ ಮೇಲಕ್ಕೆ ಕಳಿಸುತ್ತದೆ. ಅದು ಸಿಕ್ಕರೆ ಮಾತ್ರ ಮೊಗ್ಗು ಮುಂದಿನ ಹಂತಕ್ಕೆ, ಟೋಪಿಯಂತೆ ಕಾಣುವ ಟೋಪಿ ಹಂತಕ್ಕೆ, ಹೋಗುತ್ತದೆ. ಇನ್ನೂ ಮುಂದೆ ಹೋದರೆ, ಡೆಂಟಿನ್ (ಹಲ್ಲಿನ ಒಳಪದರ) ಮಾಡುವ ಓಡಾಂಟೋಬ್ಲಾಸ್ಟ್ ಜೀವಕೋಶಗಳು ಇದೇ ಕುಟುಂಬದ ಸಿಗ್ನಲ್ ಬಳಸಿ ಎದುರಿನ ಜೀವಕೋಶಗಳನ್ನು ಎನಾಮಲ್ (ಹಲ್ಲಿನ ಗಟ್ಟಿ ಹೊರಪದರ) ಮಾಡಲು ಸಜ್ಜುಗೊಳಿಸುತ್ತವೆ. ಇವುಗಳಲ್ಲಿ ಯಾವುದನ್ನು ‘ಕೆಲಸ’ ಅಂತ ಬರೆಯುತ್ತೀಯ?

ಆದ್ದರಿಂದ ಪ್ರತಿ ಸಿಗ್ನಲ್‌ಗೂ ನಾಲ್ಕು ಪ್ರಶ್ನೆ ಕೇಳು. ಯಾರು ಕಳಿಸಿದರು, ಯಾರು ಕೇಳಿಸಿಕೊಂಡರು, ಯಾವಾಗ, ಮತ್ತು ನಿಲ್ಲಿಸಿದವರು ಯಾರು. ಕೊನೆಯದನ್ನು ಎಲ್ಲರೂ ಮರೆಯುತ್ತಾರೆ. ಅದರ ವಿಷಯಕ್ಕೆ ಆಮೇಲೆ ಬರುತ್ತೇನೆ.

ಸಿಗ್ನಲ್ ಕುಟುಂಬಗಳ ಹೆಸರು ನಿನಗೆ ಬಾಯಿಪಾಠ ಆಗಿರುತ್ತದೆ. ಬಿಎಂಪಿ, ಎಫ್‌ಜಿಎಫ್, ವಿಂಟ್, ಸಾನಿಕ್ ಹೆಡ್ಜ್‌ಹಾಗ್. ಜೊತೆಗೆ ಇಡಿಎ, ಆಕ್ಟಿವಿನ್ ಇತ್ಯಾದಿ. ಇವುಗಳಲ್ಲಿ ಒಂದೂ ಹಲ್ಲಿಗೆಂದೇ ಹುಟ್ಟಿದ್ದಲ್ಲ. ಕೂದಲು, ಕೈಬೆರಳು, ಕರುಳು, ಶ್ವಾಸಕೋಶ ಎಲ್ಲ ಕಡೆ ಇವೇ ಓಡಾಡುತ್ತವೆ. ಹಲ್ಲನ್ನು ಹಲ್ಲಾಗಿ ಮಾಡುವುದು ಅವು ಬರುವ ಸರದಿ ಮತ್ತು ಅವನ್ನು ಕೇಳಿಸಿಕೊಳ್ಳುವ ಜೀವಕೋಶದ ಹಿನ್ನೆಲೆ. ಹಲ್ಲಿನ ಮೆಸೆಂಕೈಮ್ ನ್ಯೂರಲ್ ಕ್ರೆಸ್ಟ್‌ನಿಂದ, ಅಂದರೆ ಭ್ರೂಣದ ನರಮಂಡಲದ ಅಂಚಿನಿಂದ, ವಲಸೆ ಬಂದದ್ದು. ಅದೇ ಸಿಗ್ನಲನ್ನು ಆ ಮೂಲದ್ದಲ್ಲದ ಮೆಸೆಂಕೈಮ್‌ಗೆ ಕೊಟ್ಟರೆ ಅದು ಹಲ್ಲಿನ ಮಾತನ್ನೇ ಎತ್ತುವುದಿಲ್ಲ.

ಈ ವಿಷಯದಲ್ಲಿ ಕೆಲವು ಹಳೆಯ ಪ್ರಯೋಗಗಳನ್ನು ನೀನು ಮೂಲದಲ್ಲೇ ಓದಬೇಕು. 1987ರಲ್ಲಿ ಮೀನಾ ಮತ್ತು ಕೊಲ್ಲರ್ ಇಲಿಯ ಭ್ರೂಣದಲ್ಲಿ ಎರಡು ಪದರಗಳನ್ನು ಬಿಡಿಸಿ, ಅದಲು ಬದಲು ಮಾಡಿ ಜೋಡಿಸಿದರು. ಹನ್ನೆರಡನೇ ದಿನಕ್ಕಿಂತ ಮೊದಲಿನ ದವಡೆಯ ಎಪಿಥೀಲಿಯಂ ತೆಗೆದು, ಹಲ್ಲೇ ಬರದ ಎರಡನೇ ಕಮಾನಿನ (ಭ್ರೂಣದಲ್ಲಿ ದವಡೆಯ ಕಮಾನಿನ ಹಿಂದಿನದು, ಅದೂ ನ್ಯೂರಲ್ ಕ್ರೆಸ್ಟ್ ಮೂಲದ್ದೇ) ಮೆಸೆಂಕೈಮ್ ಜೊತೆ ಇಟ್ಟರೂ ಹಲ್ಲು ಬಂತು. ಆ ದಿನ ದಾಟಿದ ಮೇಲೆ ಅದೇ ಎಪಿಥೀಲಿಯಂಗೆ ಆ ಶಕ್ತಿ ಇರಲಿಲ್ಲ. ಅದು ಮೆಸೆಂಕೈಮ್‌ಗೆ ಹೋಗಿತ್ತು. ಎಷ್ಟು ಸರಳ ಪ್ರಯೋಗ, ನೋಡು! ಪ್ರೋಟೀನಿನ ಹೆಸರು ಒಂದೂ ಗೊತ್ತಿಲ್ಲದೆ ‘ಯಾರು, ಯಾವಾಗ’ ಎರಡಕ್ಕೂ ಉತ್ತರ ಸಿಕ್ಕಿಬಿಟ್ಟಿತು.

ಹೆಸರು ಹಚ್ಚಿದ್ದು ಆಮೇಲೆ. 1993ರಲ್ಲಿ ಹೆಲ್ಸಿಂಕಿಯ ಇರ್ಮಾ ಥೆಸ್ಲೆಫ್ ಅವರ ತಂಡ ಬಿಎಂಪಿ4ರಲ್ಲಿ ನೆನೆಸಿದ ಪುಟ್ಟ ಮಣಿಯನ್ನು ಬರೀ ಮೆಸೆಂಕೈಮ್ ಮೇಲೆ ಇಟ್ಟಿತು. ಎಪಿಥೀಲಿಯಂ ಇಲ್ಲದೆಯೇ ಮಣಿಯ ಸುತ್ತ ಎಂಎಸ್‌ಎಕ್ಸ್1 ಚಾಲೂ ಆಯಿತು. ಮರುವರ್ಷ ಬೇರೆ ತಂಡವೊಂದು ಎಂಎಸ್‌ಎಕ್ಸ್1 ಇಲ್ಲದ ಇಲಿ ಮಾಡಿತು. ಅದರಲ್ಲಿ ಹಲ್ಲು ಮೊಗ್ಗಿನ ಹಂತದಲ್ಲೇ ನಿಂತುಹೋಯಿತು. 1996ರಲ್ಲಿ ಆ ನಿಂತ ಮೊಗ್ಗಿಗೆ ಹೊರಗಿನಿಂದ ಬಿಎಂಪಿ4 ಕೊಟ್ಟಾಗ ಅದು ಮತ್ತೆ ಮುಂದೆ ಹೆಜ್ಜೆ ಇಟ್ಟಿತು. ಅಂದರೆ ಎಂಎಸ್‌ಎಕ್ಸ್1 ಮಾಡುವ ಮುಖ್ಯ ಕೆಲಸಗಳಲ್ಲಿ ಒಂದು, ಮೆಸೆಂಕೈಮ್‌ನಿಂದ ಬಿಎಂಪಿ4 ಹೊರಡಿಸುವುದು. ಕಾಣಿಸಿತು, ತೆಗೆದರೆ ನಿಂತಿತು, ಮತ್ತೆ ಕೊಟ್ಟರೆ ನಡೆಯಿತು. ಯಾವುದಾದರೂ ಸಿಗ್ನಲ್ ಬಗ್ಗೆ ಯಾರಾದರೂ ದೊಡ್ಡ ಮಾತು ಆಡಿದರೆ ಈ ಮೂರೂ ಇವೆಯಾ ಅಂತ ನೋಡು. ಬರೀ ‘ಅಲ್ಲಿ ಕಾಣಿಸಿತು’ ಅನ್ನುವ ಪೇಪರ್‌ಗಳು ಬೇಕಾದಷ್ಟಿವೆ. ನಿನ್ನ ಕರಡಿನಲ್ಲೂ ಅಂಥವು ಜಾಸ್ತಿ ಇವೆ.

ಹಲ್ಲು ಎಲ್ಲಿ ಬರಬೇಕು, ಯಾವ ಹಲ್ಲು ಬರಬೇಕು ಅನ್ನುವುದಕ್ಕೆ ಎರಡು ಸಿಗ್ನಲ್‌ಗಳ ಜಗ್ಗಾಟ ಕಾರಣ. ದವಡೆಯ ಹಿಂಭಾಗದ ಎಪಿಥೀಲಿಯಂನಲ್ಲಿ ಎಫ್‌ಜಿಎಫ್8, ಮುಂಭಾಗದಲ್ಲಿ ಬಿಎಂಪಿ4. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅಂತಾರಲ್ಲ, ಹಾಗೇ. ಎಫ್‌ಜಿಎಫ್8 ಪಿಎಎಕ್ಸ್9, ಬಾರ್ಕ್ಸ್1 ಥರದ ಜೀನ್‌ಗಳನ್ನು ಹೊತ್ತಿಸುತ್ತದೆ. ಬಿಎಂಪಿ4 ಅವನ್ನು ಆರಿಸುತ್ತದೆ. ಬಾರ್ಕ್ಸ್1 ಇದ್ದ ಕಡೆ ದವಡೆಹಲ್ಲು. 1998ರಲ್ಲಿ ಲಂಡನ್ನಿನ ಪಾಲ್ ಶಾರ್ಪ್ ಅವರ ತಂಡ ಬಾಚಿಹಲ್ಲು ಬರಬೇಕಾದ ಜಾಗದಲ್ಲಿ ನಾಗಿನ್ ಎಂಬ ಪ್ರೋಟೀನಿನ ಮಣಿ ಇಟ್ಟು ಬಿಎಂಪಿಯನ್ನು ತಡೆಯಿತು. ಬಾರ್ಕ್ಸ್1 ಅಲ್ಲೂ ಹೊತ್ತಿಕೊಂಡಿತು. ಬಾಚಿಹಲ್ಲಿನ ಜಾಗದಲ್ಲಿ ದವಡೆಹಲ್ಲಿನ ಆಕಾರ ಬಂತು! ಇದನ್ನು ಸೆಮಿನಾರಿನಲ್ಲಿ ಹೇಳು, ತೂಕಡಿಸುವವರೂ ಎದ್ದು ಕೂರುತ್ತಾರೆ.

ಇನ್ನು ನನಗೆ ಅಚ್ಚುಮೆಚ್ಚಿನ ಭಾಗ, ಎನಾಮಲ್ ನಾಟ್, ಅಂದರೆ ಎನಾಮಲ್ ಗಂಟು. ನೀನು ಇದನ್ನು ಎರಡೇ ಸಾಲಿನಲ್ಲಿ ಮುಗಿಸಿದ್ದೀಯ. ನನಗೆ ಬೇಜಾರಾಯಿತು.

ಟೋಪಿ ಹಂತದಲ್ಲಿ ಎಪಿಥೀಲಿಯಂ ನಡುವೆ ಒತ್ತೊತ್ತಾಗಿ ಸೇರಿದ ಒಂದಷ್ಟು ಜೀವಕೋಶಗಳ ಗಂಟು ಕಾಣುತ್ತದೆ. ಹಳೆಯ ಕಾಲದವರು ಇದನ್ನು ಮೈಕ್ರೋಸ್ಕೋಪಿನಲ್ಲಿ ನೋಡಿದ್ದರು. ಆದರೆ ಯಾಕಿದೆ ಅಂತ ತಿಳಿದಿರಲಿಲ್ಲ. 1994ರಲ್ಲಿ ಯುಕ್ಕಾ ಯೆರ್ನ್‌ವಾಲ್ ಮತ್ತು ಜೊತೆಗಾರರು ಒಂದು ವಿಚಿತ್ರ ಗಮನಿಸಿದರು. ಈ ಗಂಟಿನ ಜೀವಕೋಶಗಳು ವಿಭಜನೆ ಆಗುವುದೇ ಇಲ್ಲ. ಸುತ್ತಲಿನವು ಮಾತ್ರ ಭರದಿಂದ ವಿಭಜನೆ ಆಗುತ್ತಿವೆ. ಗಂಟು ಎಫ್‌ಜಿಎಫ್4 ಕಳಿಸುತ್ತಿದೆ, ಅದು ‘ಬೆಳೆಯಿರಿ’ ಅನ್ನುವ ಸಿಗ್ನಲ್. ಹಾಗಾದರೆ ಗಂಟೇ ಯಾಕೆ ಬೆಳೆಯುವುದಿಲ್ಲ? ಅದರ ಜೀವಕೋಶಗಳಲ್ಲಿ ಆ ಸಿಗ್ನಲ್ ಕೇಳಿಸಿಕೊಳ್ಳುವ ರಿಸೆಪ್ಟರ್ ಇಲ್ಲ! ಜೊತೆಗೆ ವಿಭಜನೆ ತಡೆಯುವ ಪಿ21 ಎಂಬ ಪ್ರೋಟೀನ್ ಅಲ್ಲಿ ಇದೆ. ಮಧ್ಯ ನಿಂತು ಪಕ್ಕದವು ಬೆಳೆದರೆ ಏನಾಗುತ್ತದೆ? ಪದರ ಮಡಚಿಕೊಳ್ಳುತ್ತದೆ. ಟೋಪಿಯ ಆಕಾರ ಬರುವುದರಲ್ಲಿ ಇದಕ್ಕೆ ದೊಡ್ಡ ಪಾಲಿದೆ. ಸಾನಿಕ್ ಹೆಡ್ಜ್‌ಹಾಗ್, ಬಿಎಂಪಿ2, ಬಿಎಂಪಿ7, ವಿಂಟ್ ಎಲ್ಲ ಇದೇ ಗಂಟಿನಿಂದ ಹೊರಡುತ್ತವೆ. ಕೆಲಸ ಮುಗಿದ ಮೇಲೆ ಗಂಟಿನ ಹೆಚ್ಚಿನ ಜೀವಕೋಶಗಳು ತಾವಾಗಿ ಸಾಯುತ್ತವೆ. ದವಡೆಹಲ್ಲಿನಲ್ಲಿ ಮುಂದೆ ಒಂದೊಂದು ತುದಿ ಏಳಬೇಕಾದ ಕಡೆ ಒಂದೊಂದು ಹೊಸ ಗಂಟು ಹುಟ್ಟುತ್ತದೆ. ನಮ್ಮ ದವಡೆಹಲ್ಲಿನ ಉಬ್ಬುತಗ್ಗುಗಳ ನಕ್ಷೆ ಹೀಗೆ, ಎನಾಮಲಿನ ಒಂದು ಕಣವೂ ಹುಟ್ಟುವ ಮೊದಲೇ, ಸಿದ್ಧವಾಗಿರುತ್ತದೆ.

ಈಗ ಬ್ರೇಕುಗಳ ವಿಷಯ, ಅಂದರೆ ಸಿಗ್ನಲನ್ನು ನಿಲ್ಲಿಸುವವರು. ನಿನ್ನ ಕೋಷ್ಟಕದಲ್ಲಿ ಒಂದೂ ಇಲ್ಲ. ಯುಎಸ್‌ಎಜಿ1 ಎಂಬ ಪ್ರೋಟೀನ್ ಬಿಎಂಪಿಯನ್ನೂ ವಿಂಟನ್ನೂ ತಡೆಯುತ್ತದೆ. ಅದನ್ನು ತೆಗೆದ ಇಲಿಗೆ ಹೆಚ್ಚುವರಿ ಹಲ್ಲು ಬರುತ್ತದೆ. ಸ್ಪ್ರೌಟಿ ಎಂಬವು ಎಫ್‌ಜಿಎಫ್‌ನ ಬ್ರೇಕುಗಳು. ಅವನ್ನು ತೆಗೆದರೆ ಇಲಿಯ ಬಾಚಿಹಲ್ಲಿಗೂ ದವಡೆಹಲ್ಲಿಗೂ ನಡುವಿನ ಖಾಲಿ ಜಾಗದಲ್ಲಿ ಹಲ್ಲು ಏಳುತ್ತದೆ. ಅಂದರೆ ಆ ಜಾಗ ಸುಮ್ನೆ ಖಾಲಿ ಬಿದ್ದದ್ದಲ್ಲ, ಅಲ್ವಾ? ಪಕ್ಕದ ಹಲ್ಲೂ ಬ್ರೇಕಾಗಬಲ್ಲದು. 2007ರಲ್ಲಿ ಇಲಿಯ ಮೊದಲ ದವಡೆಹಲ್ಲಿನ ಮೊಳಕೆಯನ್ನು ಅದರ ಹಿಂದಿನ ಅಂಗಾಂಶದಿಂದ ಕತ್ತರಿಸಿ ಬೇರೆ ಮಾಡಿದಾಗ ಎರಡನೆಯದು ಬೇಗ ಶುರುವಾಗಿ ದೊಡ್ಡದಾಗಿ ಬೆಳೆಯಿತು. ಕೋಳಿಗೆ ಹಲ್ಲಿಲ್ಲ. ಆದರೂ 2006ರಲ್ಲಿ ಜೀನ್ ಬದಲಾದ ಒಂದು ಬಗೆಯ (ಮ್ಯುಟೆಂಟ್) ಕೋಳಿ ಭ್ರೂಣದಲ್ಲಿ ಮೊಸಳೆ ಹಲ್ಲಿನಂಥ ಮೊನಚು ಮೊಳಕೆ ಕಂಡಿತು. ಇದನ್ನು ಬಿಡು, ನಿನ್ನ ವಿಷಯಕ್ಕೆ ಹೊರಗಿನದು. ಹೇಳದೆ ಇರಲಾಗಲಿಲ್ಲ.

ನೀನು ನಾಳೆ ರೋಗಿಗಳನ್ನು ನೋಡುವವಳು. ಆದ್ದರಿಂದ ಇದನ್ನು ಸ್ವಲ್ಪ ನಿಧಾನವಾಗಿ ಓದು. ಹುಟ್ಟಿನಿಂದಲೇ ಹಲ್ಲು ಕಡಿಮೆ ಇರುವವರು ನಿನ್ನ ಕುರ್ಚಿಗೆ ಖಂಡಿತ ಬರುತ್ತಾರೆ. ಬುದ್ಧಿಹಲ್ಲು ಬಿಟ್ಟು ಆರು ಅಥವಾ ಹೆಚ್ಚು ಇಲ್ಲದಿದ್ದರೆ ಅದನ್ನು ಆಲಿಗೋಡಾಂಷಿಯಾ ಅನ್ನುತ್ತೇವೆ. ಎಂಎಸ್‌ಎಕ್ಸ್1, ಪಿಎಎಕ್ಸ್9, ವಿಂಟ್10ಎ ಜೀನ್‌ಗಳ ದೋಷ ಇದಕ್ಕೆ ಗೊತ್ತಿರುವ ಕಾರಣಗಳು. ಇನ್ನೊಂದು ಎಎಕ್ಸ್‌ಐಎನ್2. ಇದು ವಿಂಟ್‌ನ ಬ್ರೇಕು. 2004ರಲ್ಲಿ ಫಿನ್‌ಲೆಂಡಿನ ಒಂದು ಕುಟುಂಬದಲ್ಲಿ ಈ ಜೀನ್ ಕೆಟ್ಟವರಿಗೆ ಹಲ್ಲುಗಳೂ ಇರಲಿಲ್ಲ, ದೊಡ್ಡ ಕರುಳಿನ ಕ್ಯಾನ್ಸರಿನ ಒಲವೂ ಇತ್ತು. ಕರುಳಿನಲ್ಲೂ ವಿಂಟ್ ಓಡಾಡುತ್ತದೆ ಅಂತ ಆಗಲೇ ಬರೆದೆನಲ್ಲ. ಇನ್ನೊಂದು ಬ್ರೇಕಾದ ಎಪಿಸಿ ಕೆಟ್ಟರೆ ಕರುಳಿನಲ್ಲಿ ಗಡ್ಡೆಗಳು, ಕೆಲವರಿಗೆ ಬಾಯಲ್ಲಿ ಹೆಚ್ಚುವರಿ ಹಲ್ಲು. ಹಾಗಂತ ಒಂದು ಹಲ್ಲು ಇಲ್ಲದವರನ್ನೆಲ್ಲ ಹೆದರಿಸಬೇಡ. ಬುದ್ಧಿಹಲ್ಲೇ ಪೂರ್ತಿ ಇಲ್ಲದವರು ಎಷ್ಟೋ ಜನ ಇದ್ದಾರೆ. ಆದರೆ ತುಂಬ ಹಲ್ಲು ಕಡಿಮೆ ಅಥವಾ ಹೆಚ್ಚು ಕಂಡರೆ ಮನೆಯವರಲ್ಲಿ ಕರುಳಿನ ಕ್ಯಾನ್ಸರ್ ಯಾರಿಗಾದರೂ ಬಂದಿತ್ತೇ ಅಂತ ಒಂದು ಮಾತು ಕೇಳು. ಕೂದಲು ತೆಳುವೇ, ಬೆವರು ಬರುತ್ತದೆಯೇ ಅಂತಲೂ ಕೇಳು. ಮೊನಚು ಹಲ್ಲು, ತೆಳು ಕೂದಲು, ಬೆವರದ ಮೈ, ಮೂರೂ ಸೇರಿದರೆ ಇಡಿಎ ಸಿಗ್ನಲ್‌ನ ದೋಷ ನೆನಪಾಗಬೇಕು. ಬೆವರದ ಮಗುವಿಗೆ ಜ್ವರ, ಬಿಸಿಲು ಎರಡೂ ಅಪಾಯ. ಅದನ್ನು ಮೊದಲು ಹಿಡಿಯುವವಳು ನೀನೇ ಆಗಬಹುದು.

‘ಯಾವಾಗ’ ಅನ್ನುವ ಪ್ರಶ್ನೆ ಎಷ್ಟು ದೊಡ್ಡದು ಅಂತ ಇಡಿಎ ಚಿಕಿತ್ಸೆಯೇ ಹೇಳುತ್ತದೆ. ಹುಟ್ಟಿದ ಮೇಲೆ ಆ ಪ್ರೋಟೀನ್ ಕೊಟ್ಟಾಗ ನಿರೀಕ್ಷಿಸಿದ ಫಲ ಬರಲಿಲ್ಲ. ಜರ್ಮನಿಯ ವೈದ್ಯರು ತಾಯಿಯ ಗರ್ಭದಲ್ಲೇ, ಮಗುವಿನ ಸುತ್ತಲಿನ ನೀರಿಗೆ ಅದನ್ನು ಚುಚ್ಚಿದರು. 2018ರಲ್ಲಿ ಬಂದ ವರದಿಯಂತೆ ಆ ಮಕ್ಕಳು ಬೆವರಿದರು. ಪ್ರೋಟೀನ್ ಬದಲಾಗಲಿಲ್ಲ, ಸಮಯ ಬದಲಾಯಿತು.

ಹೊಸ ಹಲ್ಲು ಬೆಳೆಸುವ ಔಷಧಿಯ ಸುದ್ದಿ ನೋಡಿ ನೀನು ಕುಣಿದಾಡಿದ್ದು ಗೊತ್ತು. ನಿನ್ನ ಅಪ್ಪ ಹೇಳಿದ. ಕುಣಿ, ಬೇಡ ಅನ್ನುವುದಿಲ್ಲ. 2021ರಲ್ಲಿ ಜಪಾನಿನ ವಿಜ್ಞಾನಿಗಳು ಯುಎಸ್‌ಎಜಿ1 ಬ್ರೇಕನ್ನು ತಡೆಯುವ ಆಂಟಿಬಾಡಿ ಕೊಟ್ಟು ಇಲಿಗಳಲ್ಲಿ ನಿಂತುಹೋದ ಹಲ್ಲುಗಳನ್ನು ಬೆಳೆಸಿದರು. ಫೆರೆಟ್ ಎಂಬ ಮುಂಗುಸಿಯಂಥ ಸಣ್ಣ ಪ್ರಾಣಿಯಲ್ಲಿ ಹೆಚ್ಚುವರಿ ಹಲ್ಲು ಬಂತು. 2024ರಲ್ಲಿ ಕ್ಯೋಟೋದಲ್ಲಿ ಮನುಷ್ಯರ ಮೇಲೆ ಮೊದಲ ಹಂತದ ಪರೀಕ್ಷೆ ಶುರುವಾಯಿತು. ಮೊದಲ ಹಂತ ನೋಡುವುದು ಔಷಧಿ ಸುರಕ್ಷಿತವೇ ಅಂತ. ಹಲ್ಲು ಬರುತ್ತದೆಯೇ ಅನ್ನುವುದು ಆಮೇಲಿನ ಮಾತು. ಇನ್ನೊಂದು, ಬ್ರೇಕು ತೆಗೆದರೆ ಗಾಡಿ ಓಡಬೇಕಾದರೆ ಅಲ್ಲಿ ಗಾಡಿ ಇರಬೇಕು. ಹುಟ್ಟಿನಿಂದ ನಿಂತುಹೋದ ಮೊಳಕೆ ಬೇರೆ, ಹುಳುಕು ಹಿಡಿದು ಕಿತ್ತು ಹಾಕಿದ ಹಲ್ಲಿನ ಜಾಗ ಬೇರೆ. ರೋಗಿಗಳು ಕೇಳಿದಾಗ ಈ ವ್ಯತ್ಯಾಸ ಬಿಡಿಸಿ ಹೇಳು.

ಇಲಿಯ ಬಗ್ಗೆಯೂ ಎಚ್ಚರ ಇರಲಿ. ಇಲಿಗೆ ಇರುವುದು ಹದಿನಾರೇ ಹಲ್ಲು. ಹಾಲುಹಲ್ಲು ಬಿದ್ದು ಹೊಸದು ಬರುವ ವ್ಯವಹಾರವೇ ಅದಕ್ಕಿಲ್ಲ. ಬಾಚಿಹಲ್ಲಂತೂ ಸಾಯುವವರೆಗೂ ಬೆಳೆಯುತ್ತಲೇ ಇರುತ್ತದೆ. ಎಂಎಸ್‌ಎಕ್ಸ್1ರ ಒಂದು ಪ್ರತಿ ಕೆಟ್ಟರೂ ಮನುಷ್ಯರಿಗೆ ಹಲ್ಲು ತಪ್ಪುತ್ತದೆ. ಇಲಿಗೆ ಎರಡೂ ಕೆಡಬೇಕು. ಆದ್ದರಿಂದ ‘ಹಲ್ಲಿನಲ್ಲಿ ಹೀಗಾಗುತ್ತದೆ’ ಅಂತ ಬರೆದ ಕಡೆಯೆಲ್ಲ ‘ಇಲಿಯ ಹಲ್ಲಿನಲ್ಲಿ’ ಅಂತ ತಿದ್ದು. ಫೆರೆಟ್ ಮತ್ತು ಸಣ್ಣ ಜಾತಿಯ ಹಂದಿಯ ಅಧ್ಯಯನಗಳನ್ನೂ ಹುಡುಕು. ಅವಕ್ಕೆ ನಮ್ಮ ಹಾಗೆ ಎರಡು ಸಲ ಹಲ್ಲು ಬರುತ್ತದೆ.

ಬೇರು ಹೇಗೆ ಬೆಳೆಯುತ್ತದೆ ಅನ್ನುವುದನ್ನು ನಾನೂ ಮುಟ್ಟಿಲ್ಲ, ನೀನೂ ಮುಟ್ಟಿಲ್ಲ. ಒಂದು ಸೆಮಿನಾರಿಗೆ ಅದು ಹಿಡಿಸುವುದೂ ಇಲ್ಲ. ತಿದ್ದಿದ ಕರಡನ್ನು ನಿನ್ನ ಗೈಡ್‌ಗೆ ಕೊಡುವ ಮೊದಲು ನನಗೆ ಕಳಿಸು. ಎನಾಮಲ್ ನಾಟ್‌ನ ಚಿತ್ರ ಎಲ್ಲಿಂದಲೂ ಎತ್ತಬೇಡ, ನೀನೇ ಕೂತು ಬಿಡಿಸು. ಯಾವ ಜೀವಕೋಶ ಮಾತಾಡುತ್ತಿದೆ, ಯಾವುದು ಕೇಳುತ್ತಿದೆ ಅಂತ ಬಾಣ ಹಾಕುವಾಗ ನಿನಗೆ ಎಲ್ಲಿ ಅನುಮಾನ ಬರುತ್ತದೋ ಆ ಜಾಗ ಗುರುತು ಮಾಡಿಡು. ಫೋನಿನಲ್ಲಿ ಅಲ್ಲಿಂದಲೇ ಶುರು ಮಾಡೋಣ.

ಇಂತಿ,
ನಿನ್ನ ದೊಡ್ಡಮ್ಮ