ಮೂಳೆ ಬಿಳಿಯಲ್ಲ, ಅಪ್ಪುಗೆಯೆಲ್ಲ ಪ್ರೇಮವಲ್ಲ

ಮಾನ್ಯ ಸಂಪಾದಕರೇ,

ತಬ್ಬಿಕೊಂಡು ಮಲಗಿದ ಎರಡು ಅಸ್ಥಿಪಂಜರಗಳ ಚಿತ್ರ ಬರೆದು ‘ಅಮರ ಪ್ರೇಮ’ ಎಂದು ಹೆಸರಿಡುವುದು ಚಿತ್ರಕಲಾ ವಿದ್ಯಾರ್ಥಿಗಳಿಗೆ ಈಗ ಅಚ್ಚುಮೆಚ್ಚು. ವಿಷಯ ಒಳ್ಳೆಯದೇ. ಆದರೆ ಬಹುಪಾಲು ಚಿತ್ರಗಳಲ್ಲಿರುವುದು ಮಣ್ಣಿನಡಿ ಸಾವಿರಾರು ವರ್ಷ ಕಳೆದ ದೇಹವಲ್ಲ, ಲ್ಯಾಬಿನಲ್ಲಿ ಕೊಕ್ಕೆಗೆ ತೂಗುಹಾಕಿದ ಪ್ಲಾಸ್ಟಿಕ್ ಮಾದರಿ.

ಮಾಂಸ, ಕೀಲಿನ ಕಟ್ಟುಗಳು ಕೊಳೆತ ಮೇಲೆ ಮೂಳೆ ಇದ್ದಲ್ಲೇ ಇರುವುದಿಲ್ಲ. ಪಕ್ಕೆಲುಬಿನ ಗೂಡು ಕುಸಿದು ಚಪ್ಪಟೆಯಾಗುತ್ತದೆ. ಸೊಂಟದ ಮೂಳೆಗಳು ಹೊರಕ್ಕೆ ಬಿಚ್ಚಿಕೊಳ್ಳುತ್ತವೆ, ಮಂಡಿಚಿಪ್ಪು ಜಾರುತ್ತದೆ. ಕೆಳದವಡೆ ಕಳಚಿ ಬಾಯಿ ತೆರೆದಂತಿರುತ್ತದೆ. ಅದು ನಗುವೂ ಅಲ್ಲ, ಚೀತ್ಕಾರವೂ ಅಲ್ಲ. ಒಂದು ಕೈಯಲ್ಲಿ 27 ಮೂಳೆ. ಚಿಕ್ಕವು ಸುಲಭವಾಗಿ ಚದುರುತ್ತವೆ. ಹಾಗಾಗಿ ಬೆರಳಿಗೆ ಬೆರಳು ಹೆಣೆದು ಬರೆಯುವ ಮುನ್ನ ಉತ್ಖನನದ ಫೋಟೊವನ್ನು ಇನ್ನೊಮ್ಮೆ ನೋಡಿ. ಫೋಟೊ ನೇರ ಮೇಲಿನಿಂದ ತೆಗೆದದ್ದಿರಲಿ. ತಲೆಯ ಕಡೆಯಿಂದ ಓರೆಯಾಗಿ ತೆಗೆದದ್ದರಲ್ಲಿ ಕಾಲು ಮೊಟಕಾಗಿ ತಲೆ ದಪ್ಪಗಾಗುತ್ತದೆ. ಅಳತೆ 1:5 ಇಟ್ಟುಕೊಂಡರೆ 45 ಸೆಂ.ಮೀ. ತೊಡೆಮೂಳೆ ಕಾಗದದ ಮೇಲೆ 9 ಸೆಂ.ಮೀ. ಆಗಬೇಕು.

ಇನ್ನು ಬಣ್ಣ. ಮೂಳೆ ತಾನು ಮಲಗಿದ ಮಣ್ಣಿನ ಬಣ್ಣ ಕುಡಿಯುತ್ತದೆ. ನಮ್ಮ ಕೋಲಾರದ ಕೆಂಪು ಮಣ್ಣೇ ಸಾಕು: ತೆಳುಬಟ್ಟೆಯಲ್ಲಿ ಜರಡಿ ಹಿಡಿದು, ನೀರಲ್ಲಿ ಕಲಕಿ, ಒಂದು ನಿಮಿಷ ಬಿಟ್ಟು, ಮೇಲಿನ ಕೆಂಪು ನೀರನ್ನು ಬೇರೆ ಪಾತ್ರೆಗೆ ಬಸಿಯಿರಿ. ತಳದ ಮರಳು ಬೇಡ. ಬಸಿದದ್ದು ರಾತ್ರಿಯಿಡೀ ತಂಗಲಿ. ಕೆಳಗೆ ಕೂತ ಮಣ್ಣನ್ನು ಒಣಗಿಸಿ ನುಣ್ಣಗೆ ಅರೆಯಿರಿ. ಒಂದು ಭಾಗ ಗೋಂದನ್ನು ಎರಡು ಭಾಗ ಬಿಸಿನೀರಲ್ಲಿ ನೆನೆಸಿ, ಎರಡು ಹನಿ ಜೇನು ಬೆರೆಸಿ, ಅದರಲ್ಲಿ ಅರೆದ ಮಣ್ಣು ಕಲಸಿ. ಒಣಗಿದ ಮೇಲೆ ಬೆರಳಿಗೆ ಪುಡಿ ಹತ್ತಿದರೆ ಗೋಂದು ಕಡಿಮೆ. ಹೊಳೆದು ಬಿರಿದರೆ ಹೆಚ್ಚು. ದಪ್ಪ ಬಳಿದರೂ ಬಿರಿಯುತ್ತದೆ, ತೆಳುವಾಗಿ ಮೂರು ನಾಲ್ಕು ಸಲ ಬಳಿಯುವುದೇ ಸರಿ. ಮೂಳೆಯ ನೆರಳಿಗೂ ಇದೇ ಮಣ್ಣು ಬಳಸಿ. ಕಪ್ಪು ಗೆರೆ ಎಳೆದರೆ ಕಾರ್ಟೂನ್ ಆಗುತ್ತದೆ.

ಪ್ರೇಮದ ಮಾತಿಗೆ ಬಂದರೆ, 2007ರಲ್ಲಿ ಇಟಲಿಯ ಮಾಂಟುವಾ ಬಳಿ ಸಿಕ್ಕ ಸುಮಾರು 6,000 ವರ್ಷ ಹಳೆಯ ಜೋಡಿ ಅಸ್ಥಿಪಂಜರ, ಎಳೆವಯಸ್ಸಿನವರದು, ಎದುರುಬದುರಾಗಿ, ಕೈಕಾಲು ಬೆಸೆದುಕೊಂಡಿದೆ. ಅದನ್ನು ಬೇರ್ಪಡಿಸದೆ ಮಣ್ಣಿನ ಹೆಂಟೆ ಸಮೇತ ಎತ್ತಿದ್ದು ಪುಣ್ಯ. ಇರಾನಿನ ಹಸನ್ಲು ಎಂಬಲ್ಲಿ ಸಿಕ್ಕ, ‘ಪ್ರೇಮಿಗಳು’ ಎಂದು ಕರೆಯುವ ಜೋಡಿ ಅಸ್ಥಿಪಂಜರದ್ದು ಬೇರೆಯೇ ಕಥೆ. ಕ್ರಿ.ಪೂ. 800ರ ಸುಮಾರಿಗೆ ಕೋಟೆ ಸುಟ್ಟಾಗ ಸತ್ತವರು. ಅವರನ್ನು ಯಾರೂ ವಿಧಿಪೂರ್ವಕ ಹೂಳಲಿಲ್ಲ. ಇಬ್ಬರೂ ಗಂಡಸರೆಂಬುದು ಈಚಿನ ಪರೀಕ್ಷೆಗಳ ಮಾತು. ಪ್ರೇಮಿಗಳೋ, ಬಂಧುಗಳೋ, ಜೊತೆಗೆ ಅಡಗಿದವರೋ, ಮೂಳೆ ಹೇಳದು.

ನಮ್ಮ ಕಡೆ ‘ಪಾಂಡವರ ಮನೆ’ ಎನ್ನುವ ಕಲ್ಗೋರಿಗಳೊಳಗೂ ಕೆಲವರು ಇಂಥದೇ ಅಪ್ಪುಗೆ ತುರುಕುತ್ತಾರೆ. ದಕ್ಷಿಣದ ಇಂಥ ಬೃಹತ್ ಶಿಲಾ ಸಮಾಧಿಗಳಲ್ಲಿ ಹೆಚ್ಚಾಗಿ ಇಡೀ ದೇಹವಿರುವುದಿಲ್ಲ. ಬೇರೆಡೆ ಕೊಳೆತ ಮೇಲೆ ಆಯ್ದು ತಂದ ಮೂಳೆಗಳು, ಕೆಲವೊಮ್ಮೆ ಹಲವರವು ಒಟ್ಟಿಗೆ, ಕಪ್ಪು-ಕೆಂಪು ಮಡಕೆಗಳ ಜೊತೆಗಿರುತ್ತವೆ. ಉಳಿದವರು ಮೂಳೆ ಆಯ್ದು ತಂದರಲ್ಲ, ಬರೆಯಬೇಕಾದದ್ದು ಆ ಕೈಗಳನ್ನು. ಇಟಲಿಯಿಂದ ಭಂಗಿ ಎರವಲು ತರಬೇಕಿಲ್ಲ.

ಸ್ಕೆಚ್ಚಿಗೆಂದು ಹೋದವರು ಚಪ್ಪಡಿ ಸರಿಸುವುದು, ಕೆದಕುವುದು ಬೇಡ. ನಿಧಿಗಳ್ಳರು ಕೆಡವಿರುವುದೇ ಸಾಕಷ್ಟಿದೆ. ಪ್ರದರ್ಶನ ಏರ್ಪಡಿಸುವವರು ಚಿತ್ರದ ಚೀಟಿಯಲ್ಲಿ ಯಾವ ಉತ್ಖನನ, ಯಾವ ವರ್ಷ, ಎಷ್ಟು ಭಾಗ ಕಲ್ಪನೆ ಎಂದು ನಮೂದಿಸಲಿ.

– ಇಬ್ಬರು ಚಿತ್ರಕಲಾ ಶಿಕ್ಷಕರು, ಕೋಲಾರ