ಬಸುರಿಯ ತಟ್ಟೆಯ ಜೊತೆಗೆ ಅವಳ ಬೀದಿಯನ್ನೂ ನೋಡಿ

ಸಂಪಾದಕರಿಗೆ ನಮಸ್ಕಾರ.

ಚಳಿಗಾಲ ಬಂತೆಂದರೆ ದೆಹಲಿಯ ಹೊಗೆಯ ಫೋಟೊಗಳು ಎಲ್ಲ ಪತ್ರಿಕೆಗಳಲ್ಲೂ ಬರುತ್ತವೆ. ಅದನ್ನು ನೋಡಿ ‘ಸದ್ಯ, ನಮ್ಮ ಬೆಂಗಳೂರು ಹಾಗಿಲ್ಲವಲ್ಲ’ ಎಂದು ನಾವು ಸಮಾಧಾನ ಮಾಡಿಕೊಳ್ಳುತ್ತೇವೆ. ಹೆರಿಗೆ ವಾರ್ಡಿನಲ್ಲಿ ಸ್ಟಾಫ್ ನರ್ಸ್ ಆಗಿ ಕೆಲಸ ಮಾಡಿ ನಿವೃತ್ತಳಾದ ನನಗೆ ಈ ಸಮಾಧಾನ ಒಪ್ಪುವುದಿಲ್ಲ. ಗಾಳಿ ಕೆಟ್ಟರೆ ಬರೀ ಕೆಮ್ಮು, ದಮ್ಮು ಬರುವುದಲ್ಲ. ಹುಟ್ಟುವ ಮಗುವಿನ ತೂಕವೂ ತಗ್ಗುತ್ತದೆ. ಇದರ ಬಗ್ಗೆ ನಮ್ಮಲ್ಲಿ ಮಾತೇ ಇಲ್ಲ.

ಹೆರಿಗೆಯಾದ ಮೇಲೆ ಮಗುವಿನ ತೂಕ ನೋಡುವುದು ಹೇಗೆ ಅಂತ ಹೊರಗಿನವರಿಗೆ ಗೊತ್ತಿರುವುದಿಲ್ಲ. ತಕ್ಕಡಿಯ ಮೇಲೆ ಬೆಚ್ಚಗಿನ ಬಟ್ಟೆ ಹಾಸಿ, ಅಂಕಿಯನ್ನು ಸೊನ್ನೆಗೆ ತಂದು, ಕೂಸನ್ನು ಮಲಗಿಸುತ್ತೇವೆ. ಅದು ಕೈಕಾಲು ಬಡಿಯುತ್ತಿದ್ದರೆ ಅಂಕಿ 2.3, 2.5 ಅಂತ ಕುಣಿಯುತ್ತಲೇ ಇರುತ್ತದೆ. ಒಂದು ಗಳಿಗೆ ಕೂಸು ಸುಮ್ಮನಾದಾಗ ನಿಂತ ಅಂಕಿಯನ್ನು ಬರೆದುಕೊಳ್ಳುತ್ತೇವೆ. ಹೊರಗೆ ಕಾದಿರುವ ಅಜ್ಜಿ ‘ಗಂಡೋ ಹೆಣ್ಣೋ’ ಅಂತ ಕೇಳಿದ ಮೇಲೆ ಕೇಳುವುದು ‘ಎಷ್ಟು ಕೆ.ಜಿ. ಇದೆ ಸಿಸ್ಟರ್?’ ಎರಡೂವರೆಗಿಂತ ಕಡಿಮೆ ಅಂದರೆ ಎಲ್ಲರ ಮುಖ ಸಪ್ಪಗಾಗುತ್ತದೆ. ಆಮೇಲೆ ಬಾಣಂತಿಯ ವಿಚಾರಣೆ ಶುರು. ‘ಇವಳು ಸರಿಯಾಗಿ ಉಣ್ಣಲೇ ಇಲ್ಲ.’ ‘ಹಾಲು ಕುಡಿ ಅಂದ್ರೆ ಮುಖ ತಿರುಗಿಸ್ತಿದ್ಲು.’ ‘ಮಾತ್ರೆ ತಗೊಂಡ್ಲೋ ಬಿಸಾಕಿದ್ಲೋ.’ ಹೊಲಿಗೆ ಹಾಕಿಸಿಕೊಂಡು ಮಲಗಿದ ಹುಡುಗಿ ಗೋಡೆ ಕಡೆ ತಿರುಗಿಕೊಂಡು ಇದನ್ನೆಲ್ಲ ಕೇಳಿಸಿಕೊಳ್ಳುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಒಂಬತ್ತು ತಿಂಗಳು ಅವಳು ಯಾವ ಗಾಳಿ ಉಸಿರಾಡಿದಳು ಅಂತ ಯಾರೂ ಕೇಳಿದ್ದನ್ನು ಮಾತ್ರ ನೋಡಿಲ್ಲ. ತಾಯಿ ಕಾರ್ಡಿನಲ್ಲಿ ಅವಳ ವಿಳಾಸ ಬರೆಯುತ್ತೇವೆ. ಆ ವಿಳಾಸದ ಮುಂದೆ ಏನು ಹೊಗೆಯಾಡುತ್ತದೆ ಅಂತ ಬರೆಯುವುದಿಲ್ಲ.

ಊಟ ಮುಖ್ಯವಲ್ಲ ಅಂತ ನಾನು ಹೇಳುತ್ತಿಲ್ಲ. ರಕ್ತಹೀನತೆ, ಬಿಪಿ, ಚಿಕ್ಕ ವಯಸ್ಸಿನ ಬಸಿರು, ಎರಡು ಹೆರಿಗೆಗಳ ನಡುವೆ ಅಂತರ ಇಲ್ಲದಿರುವುದು, ಇವೆಲ್ಲ ದೊಡ್ಡ ಕಾರಣಗಳೇ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ತೂಕ ನೋಡಿದ ಪ್ರತಿ 100 ಮಕ್ಕಳಲ್ಲಿ ಸುಮಾರು 18 ಎರಡೂವರೆ ಕೆ.ಜಿ.ಗಿಂತ ಕಡಿಮೆ ಇದ್ದವು. ಅಷ್ಟಕ್ಕೂ ತಾಯಿಯ ಬಾಯಿಚಪಲವೋ ಸೋಮಾರಿತನವೋ ಕಾರಣ ಅನ್ನುವುದು ಅನ್ಯಾಯ.

ವಾಹನದ ಹೊಗೆ, ಕಸದ ಹೊಗೆ, ಕಾಮಗಾರಿಯ ದೂಳು, ಇವುಗಳಲ್ಲಿ ತೀರಾ ಸಣ್ಣ ಕಣಗಳಿರುತ್ತವೆ. ಪಿಎಂ 2.5 ಅನ್ನುವುದು ಇವಕ್ಕೇ. ಮೂಗಿನ ಕೂದಲು ಇವನ್ನು ತಡೆಯಲಾರದು. ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ, ತೀರಾ ಸಣ್ಣವು ರಕ್ತಕ್ಕೂ ಸೇರುತ್ತವೆ. ಬೆಲ್ಜಿಯಂನ ಹ್ಯಾಸೆಲ್ಟ್ ವಿಶ್ವವಿದ್ಯಾಲಯದವರು 2019ರಲ್ಲಿ, ಹೆರಿಗೆಯ ನಂತರ ಬೀಳುವ ಮಾಸನ್ನು ಪರೀಕ್ಷೆ ಮಾಡಿದರು. ಮಗುವಿನ ಕಡೆಯ ಮಗ್ಗುಲಲ್ಲೂ ಮಸಿಯ ಕಣ ಸಿಕ್ಕಿತು. ಕೆಲಸದಲ್ಲಿದ್ದಾಗ ಮಾಸು ಪೂರ್ತಿ ಬಿತ್ತೋ ಇಲ್ಲವೋ ಅಂತ ಕೈಯಲ್ಲಿ ಹಿಡಿದು ನೋಡುವುದು ನಮ್ಮ ದಿನದ ಕೆಲಸವಾಗಿತ್ತು. ಹಾಗಾಗಿ ಈ ಸುದ್ದಿ ಓದಿದಾಗ ನನಗೆ ತುಂಬಾ ಸಂಕಟವಾಯಿತು. ತಾಯಿಯಿಂದ ಕೂಸಿಗೆ ಅನ್ನ, ಆಮ್ಲಜನಕ ಎಲ್ಲ ಹೋಗುವುದು ಆ ಮಾಸಿನ ಮೂಲಕವೇ ಅಲ್ವಾ? ಅಲ್ಲಿ ಉರಿಯೂತ ಆದರೆ, ರಕ್ತ ಸರಿಯಾಗಿ ಹರಿಯದಿದ್ದರೆ, ತಾಯಿ ಉಂಡದ್ದೂ ಕೂಸಿಗೆ ಪೂರ್ತಿ ದಕ್ಕುವುದಿಲ್ಲ.

ಇದು ದೂರದ ದೇಶದ ಮಾತು ಅನ್ನುವ ಹಾಗೂ ಇಲ್ಲ. ಪಕ್ಕದ ತಮಿಳುನಾಡಿನಲ್ಲಿ 1,285 ತಾಯಂದಿರನ್ನು ಬಸಿರಿನಿಂದ ಹೆರಿಗೆಯವರೆಗೆ ಗಮನಿಸಿ, 2018ರಲ್ಲಿ ಅಧ್ಯಯನವೊಂದನ್ನು ಪ್ರಕಟಿಸಿದರು. ಒಂದು ಘನ ಮೀಟರ್ ಗಾಳಿಯಲ್ಲಿ ಪಿಎಂ 2.5 ಪ್ರಮಾಣ 10 ಮೈಕ್ರೊಗ್ರಾಂ ಜಾಸ್ತಿಯಾದರೆ ಮಗುವಿನ ತೂಕ ಸರಾಸರಿ 4 ಗ್ರಾಂ ಕಡಿಮೆ ಎಂದು ಕಂಡಿತು. ನಾಲ್ಕು ಗ್ರಾಂ ಅಂದರೆ ಒಂದು ಮಗುವಿಗೆ ಏನೂ ಅಲ್ಲ ಅನ್ನಿಸಬಹುದು, ಬಸುರಿಯರು ಇದನ್ನು ಓದಿ ಹೆದರುವುದೂ ಬೇಡ. ಆದರೆ ಇದು ಇಡೀ ಊರಿನ ಸರಾಸರಿ. ಹೇಗೋ ಎರಡೂವರೆ ದಾಟಬೇಕಿದ್ದ ಎಷ್ಟೋ ಕೂಸುಗಳು ಇದರಿಂದಾಗಿ ಗೆರೆಯ ಈಚೆಗೇ ಉಳಿಯುತ್ತವೆ.

ನನಗೆ ಧೈರ್ಯ ಕೊಟ್ಟದ್ದು ಇನ್ನೆರಡು ಸಂಗತಿ. 2008ರ ಒಲಿಂಪಿಕ್ಸ್ ಸಮಯದಲ್ಲಿ ಬೀಜಿಂಗ್‌ನಲ್ಲಿ ಕಾರ್ಖಾನೆ, ವಾಹನಗಳಿಗೆ ಕಡಿವಾಣ ಹಾಕಿದ್ದರು. ತಾಯಿಯ ಎಂಟನೇ ತಿಂಗಳು ಆ ದಿನಗಳಲ್ಲಿ ಬಂದಿದ್ದ ಮಕ್ಕಳು, ಬೇರೆ ವರ್ಷ ಅದೇ ದಿನಗಳಲ್ಲಿ ತಾಯಿಗೆ ಎಂಟನೇ ತಿಂಗಳಿದ್ದ ಮಕ್ಕಳಿಗಿಂತ ಸರಾಸರಿ 23 ಗ್ರಾಂ ಹೆಚ್ಚು ತೂಗಿದರು. ಅಮೆರಿಕದ ನ್ಯೂಜೆರ್ಸಿ, ಪೆನ್ಸಿಲ್ವೇನಿಯಾಗಳಲ್ಲಿ ನಮ್ಮ ಫಾಸ್ಟ್ಯಾಗ್‌ನಂಥದ್ದೇ ವ್ಯವಸ್ಥೆ ಬಂದು ಟೋಲ್ ಮುಂದಿನ ಕ್ಯೂ ಕರಗಿತು. ಟೋಲ್‌ನಿಂದ 2 ಕಿ.ಮೀ. ಒಳಗೆ ವಾಸಿಸುವ ತಾಯಂದಿರಲ್ಲಿ ಕಡಿಮೆ ತೂಕದ ಹೆರಿಗೆ ಶೇ 12ರಷ್ಟು ಇಳಿಯಿತು. ಹೊಸ ಆಸ್ಪತ್ರೆ ಕಟ್ಟಿದ್ದಲ್ಲ, ಹೊಸ ಮಾತ್ರೆ ಹಂಚಿದ್ದಲ್ಲ. ನಿಂತಲ್ಲೇ ಗುರುಗುಟ್ಟುತ್ತಿದ್ದ ಎಂಜಿನ್‌ಗಳು ಕಡಿಮೆಯಾದವು, ಅಷ್ಟೇ.

ಹುಟ್ಟುವಾಗಿನ ತೂಕ ಬರೀ ತೊಟ್ಟಿಲಿನ ಚಿಂತೆಯೂ ಅಲ್ಲ. ಇದನ್ನು ಲೋಕಕ್ಕೆ ತೋರಿಸಿದ್ದರಲ್ಲಿ ನಮ್ಮ ಮೈಸೂರಿಗೂ ಪಾಲಿದೆ. ಮಿಷನ್ ಆಸ್ಪತ್ರೆ ಅಂತ ಮೈಸೂರಿನವರು ಕರೆಯುವ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1934ರಿಂದಲೂ ಮಕ್ಕಳ ತೂಕ ಬರೆದಿಟ್ಟ ಪುಸ್ತಕಗಳಿದ್ದವು. 1934ರಿಂದ 1954ರ ನಡುವೆ ಅಲ್ಲಿ ಹುಟ್ಟಿದವರನ್ನು ಹುಡುಕಿ ಪರೀಕ್ಷಿಸಿ, 1996ರಲ್ಲಿ ಫಲಿತಾಂಶ ಪ್ರಕಟಿಸಿದರು. ಎರಡೂವರೆ ಕೆ.ಜಿ. ಅಥವಾ ಅದಕ್ಕಿಂತ ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ಹೃದ್ರೋಗ ಶೇ 11. ಮೂರು ಕೆ.ಜಿ. ನೂರು ಗ್ರಾಂ ಮತ್ತು ಅದಕ್ಕಿಂತ ಹೆಚ್ಚು ತೂಗಿದ್ದವರಲ್ಲಿ ಬರೀ ಶೇ 3. ಆ ಕಾಲದ ನರ್ಸಮ್ಮಂದಿರು ಶ್ರದ್ಧೆಯಿಂದ ಬರೆದಿಟ್ಟ ಅಂಕಿಗಳು ಅರ್ಧ ಶತಮಾನದ ನಂತರ ಉಪಯೋಗಕ್ಕೆ ಬಂದವು. ಅವರ ಬಗ್ಗೆ ನನಗೆ ಬಹಳ ಅಭಿಮಾನ.

ಈಗ ನಮ್ಮ ಬೀದಿಗೆ ಬರುತ್ತೇನೆ. ನಾನಿರುವುದು ಮೈಸೂರು ರಸ್ತೆಯ ಆಸುಪಾಸಿನಲ್ಲಿ. ಕೆಳಗಿನ ಮನೆಯಲ್ಲಿ ಬಾಡಿಗೆಗಿರುವ ಹುಡುಗಿಗೆ ಈಗ ಏಳು ತಿಂಗಳು. ಗಾರ್ಮೆಂಟ್ಸ್‌ಗೆ ಹೋಗುತ್ತಾಳೆ. ಬೆಳಿಗ್ಗೆ ಅವಳು ನೀರು ಹಿಡಿಯುವ ಹೊತ್ತಿಗೆ ಟ್ರಾನ್ಸ್‌ಫಾರ್ಮರ್ ಪಕ್ಕದ ಮೂಲೆಯಲ್ಲಿ ಬೆಂಕಿ ಬಿದ್ದಿರುತ್ತದೆ. ಒಣಗಿದ ಎಲೆ, ಹಾಲಿನ ಕವರ್, ತೆಂಗಿನ ಚಿಪ್ಪು, ಯಾರದೋ ಹಳೇ ಚಪ್ಪಲಿ, ಎಲ್ಲ ಸೇರಿ ಉರಿಯುತ್ತವೆ. ಚಳಿಗಾಲದ ಬೆಳಿಗ್ಗೆ ಆ ಹೊಗೆ ಮೇಲಕ್ಕೂ ಹೋಗುವುದಿಲ್ಲ, ಗಲ್ಲಿಯಲ್ಲೇ ಕೂತುಬಿಡುತ್ತದೆ. ‘ಆಂಟಿ, ಕಿಟಕಿ ತೆಗೆದ್ರೆ ಹೊಗೆ, ಮುಚ್ಚಿದ್ರೆ ಸೆಕೆ, ಏನ್ ಮಾಡ್ಲಿ ಹೇಳಿ’ ಅಂತ ಕೇಳುತ್ತಾಳೆ. ಆಮೇಲೆ ಸಿಗ್ನಲ್ ಪಕ್ಕದ ಬಸ್ ಸ್ಟಾಪಿನಲ್ಲಿ ವೇಲ್ ಮೂಗಿಗೆ ಹಿಡಿದು ನಿಲ್ಲುತ್ತಾಳೆ. ವೇಲಿನಿಂದ ದೂಳು ಸ್ವಲ್ಪ ನಿಲ್ಲಬಹುದು, ಪಿಎಂ 2.5 ನಿಲ್ಲುವುದಿಲ್ಲ. ಹೊರಗೆ ಹೋಗಬೇಡಮ್ಮ ಅಂತ ಅವಳಿಗೆ ಹೇಳುವ ಧೈರ್ಯ ನನಗಿಲ್ಲ. ಸಂಬಳ ಬರದಿದ್ದರೆ ಊಟವೂ ಇಲ್ಲ.

ಬೆಂಕಿ ಹಚ್ಚುವವರನ್ನು ಬೈದು ಪ್ರಯೋಜನವಿಲ್ಲ. ಗುಡಿಸಿದ ಎಲೆ ಒಯ್ಯಲು ಗಾಡಿಯೇ ಬರದಿದ್ದರೆ ಅವರು ಇನ್ನೇನು ಮಾಡಿಯಾರು? ಪೌರಕಾರ್ಮಿಕರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳೇ. ಅವರಲ್ಲೂ ಬಸುರಿಯರಿರುತ್ತಾರೆ, ಆ ಹೊಗೆಗೆ ಎಲ್ಲರಿಗಿಂತ ಹತ್ತಿರ ನಿಲ್ಲುವವರು ಅವರು. ಬಯಲಲ್ಲಿ ಕಸ ಸುಟ್ಟರೆ 5,000 ರೂಪಾಯಿ, ದೊಡ್ಡ ಪ್ರಮಾಣದಲ್ಲಿ ಸುಟ್ಟರೆ 25,000 ರೂಪಾಯಿ ದಂಡ ಅಂತ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಡಿಸೆಂಬರಿನಲ್ಲೇ ಹೇಳಿದೆ. ಆ ಕೇಸು ಹಾಕಿದ್ದು ಬೆಂಗಳೂರಿನವರೇ ಆದ ಅಲ್ಮಿತ್ರಾ ಪಟೇಲ್. ಆದೇಶ ಬಂದು ಇಷ್ಟು ವರ್ಷವಾದರೂ ನಮ್ಮ ಮೂಲೆಯ ಬೆಂಕಿ ಆರಿಲ್ಲ.

ದೆಹಲಿಗಿಂತ ನಾವು ವಾಸಿ ಅನ್ನುವವರಿಗೆ ಇನ್ನೊಂದು ಮಾತು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಪಿಎಂ 2.5ಕ್ಕೆ ಹಾಕಿದ ಮಿತಿ ವರ್ಷದ ಸರಾಸರಿ 5 ಮೈಕ್ರೊಗ್ರಾಂ. ನಮ್ಮ ದೇಶದ ಮಿತಿ 2009ರಿಂದಲೂ 40. ನಲವತ್ತರ ಒಳಗಿದ್ದೇವೆ ಅಂದ ಮಾತ್ರಕ್ಕೆ ಗರ್ಭದಲ್ಲಿರುವ ಕೂಸಿಗೆ ತೊಂದರೆಯಿಲ್ಲ ಅಂತಲ್ಲ.

ಹಾಗಾಗಿ ಪಾಲಿಕೆಗಳಿಗೆ, ಆರೋಗ್ಯ ಇಲಾಖೆಗೆ ನನ್ನ ಬೇಡಿಕೆ ಇದು. ಬೀದಿ ಬದಿಯ ಬೆಂಕಿ ಮೊದಲು ನಿಲ್ಲಲಿ, ಎಲೆ ಒಯ್ಯಲು ಬೇರೆ ಗಾಡಿ ಬರಲಿ. ಬಸ್ ಸ್ಟಾಪುಗಳನ್ನು ಸಿಗ್ನಲ್‌ನಿಂದ ಸ್ವಲ್ಪ ದೂರಕ್ಕೆ ಸರಿಸಲಿ. ಮರಗಳನ್ನು ಶ್ರೀಮಂತರ ಬಡಾವಣೆಗಳಲ್ಲಷ್ಟೇ ಅಲ್ಲ, ವಠಾರಗಳಿರುವ ಕಡೆಯೂ ನೆಡಲಿ. ಬಾರ್ಸಿಲೋನಾದ ಒಂದು ಅಧ್ಯಯನದಲ್ಲಿ ಸುತ್ತಲ ಹಸಿರಿನಿಂದ ಮಗುವಿನ ತೂಕಕ್ಕೆ ಲಾಭ ಕಂಡದ್ದು ಹೆಚ್ಚು ಓದದ ತಾಯಂದಿರಲ್ಲೇ.

ಇನ್ನೊಂದು ಕೆಲಸಕ್ಕೆ ದುಡ್ಡೇನೂ ಬೇಡ. ಜನನ ನೋಂದಣಿಯ ಅರ್ಜಿಯಲ್ಲಿ ಮಗುವಿನ ತೂಕಕ್ಕೆ ಒಂದು ಕಲಂ ಇದೆ, ತಾಯಿ ಎಲ್ಲಿಯವಳು ಅನ್ನುವುದಕ್ಕೂ ಇದೆ. ನಗರದಲ್ಲಿ ಗಾಳಿ ಅಳೆಯುವ ಕೇಂದ್ರಗಳೂ ಇವೆ, ನಮ್ಮ ಬಾಪೂಜಿನಗರದಲ್ಲೇ ಒಂದಿದೆ. ಯಾರ ಹೆಸರೂ ಬಯಲಾಗದ ಹಾಗೆ, ಎರಡೂವರೆ ಕೆ.ಜಿ.ಗಿಂತ ಕಡಿಮೆ ತೂಕದ ಮಕ್ಕಳು ಯಾವ ವಾರ್ಡಿನಲ್ಲಿ ಎಷ್ಟು ಹುಟ್ಟಿದರು, ಅಲ್ಲಿನ ಗಾಳಿ ಹೇಗಿತ್ತು ಅಂತ ಪ್ರತಿ ವರ್ಷ ಪ್ರಕಟಿಸಲಿ. ನಿಮ್ಮ ಪತ್ರಿಕೆಯೂ ಈ ಲೆಕ್ಕ ಕೇಳಬೇಕು ಎಂದು ಕೋರುತ್ತೇನೆ.

– ನಿವೃತ್ತ ಸ್ಟಾಫ್ ನರ್ಸ್, ಬಾಪೂಜಿನಗರ, ಬೆಂಗಳೂರು