ಅಮ್ಮನ ಬಾಯಿಗೆ ರುಚಿ ಬಂತು, ಎಲ್ಲರಿಗೂ ಥ್ಯಾಂಕ್ಸ್

ಎಲ್ಲರಿಗೂ ನಮಸ್ಕಾರ. ಅಮ್ಮನ ಕೀಮೋ ಮುಗಿಯಿತು. ಆಮೇಲೆ ಮಾಡಿಸಿದ ರಿಪೋರ್ಟೂ ಚೆನ್ನಾಗಿ ಬಂದಿದೆ. ಫೋನ್ ಮಾಡಿ ವಿಚಾರಿಸಿದವರಿಗೆ ಒಬ್ಬೊಬ್ಬರಿಗೇ ಹೇಳಲು ಆಗಲಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಪ್ಲೇಟ್‌ಲೆಟ್ ಬೇಕು ಅಂದಾಗ ರಾತ್ರೋರಾತ್ರಿ ಓಡಿಬಂದವರಿಗೆ, ಮಕ್ಕಳನ್ನು ಸ್ಕೂಲಿಗೆ ಬಿಟ್ಟು ಕರೆತಂದ ಕೆಳಗಿನ ಮನೆಯ ಆಂಟಿಗೆ, ರಜೆ ಕೇಳಿದಾಗ ಮುಖ ಗಂಟು ಹಾಕದ ನಮ್ಮ ಟೀಮಿಗೆ, ವಾರ್ಡಿನ ಸಿಸ್ಟರ್‌ಗಳಿಗೆ, ನಿಮ್ಮ ಋಣ ತೀರಿಸುವುದು ಆಗದ ಮಾತು. ಅತ್ತೆಯ ರಾಗಿ ಗಂಜಿಗೂ ಒಂದು ನಮಸ್ಕಾರ. ಅಮ್ಮ ಬೈದುಕೊಂಡಾದರೂ ಕುಡಿದಳು!

ಇನ್ನು ಕೆಲವರಿಗೆ ನಾವು ಯಾರು ಅಂತಲೇ ಗೊತ್ತಿಲ್ಲ. ಅವರಿಗೂ ಥ್ಯಾಂಕ್ಸ್ ಹೇಳಬೇಕು.

ಕೀಮೋದಲ್ಲಿ ಕೂದಲು ಉದುರುವುದು ಎಲ್ಲರಿಗೂ ಗೊತ್ತು. ಬಾಯಿ ಕೆಡುವ ವಿಷಯ ಅಷ್ಟಾಗಿ ಯಾರೂ ಹೇಳುವುದಿಲ್ಲ. ಬೇಗ ಬೇಗ ಬೆಳೆಯುವ ಜೀವಕೋಶಗಳನ್ನು ಹೊಡೆಯುವುದು ಆ ಔಷಧಿಯ ಕೆಲಸ. ನಾಲಿಗೆಯ ರುಚಿಯ ಕೋಶಗಳೂ ಅಂಥವೇ, ಅವನ್ನೂ ಬಿಡುವುದಿಲ್ಲ. ಸಾರು, ಹುಳಿ, ಮಜ್ಜಿಗೆ, ಏನು ಕೊಟ್ಟರೂ ಅಮ್ಮನಿಗೆ ಕಬ್ಬಿಣ ನೆಕ್ಕಿದ ಹಾಗೆ. ಬಿಳಿ ರಕ್ತಕಣ ಕಡಿಮೆಯಾಗಿ ಸೋಂಕು ತಗಲುವ ಭಯ ಇದ್ದಿದ್ದರಿಂದ ಹೊರಗಿನ ತಿಂಡಿ, ಹಸಿ ಚಟ್ನಿ ಎಲ್ಲ ಬಂದ್. "ಇನ್ನು ತಿನ್ನಬಹುದು" ಅಂತ ಡಾಕ್ಟರು ಹೇಳಿದ್ದೇ ತಡ, ಅಮ್ಮ ಕೇಳಿದ್ದು ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್ ಇಡ್ಲಿ.

ವೈಟ್‌ಫೀಲ್ಡಿಗೆ ಬಂದ ಮೇಲೆ ನಾವು ಆ ಕಡೆಯ ಹೋಟೆಲುಗಳನ್ನು ಮರೆತೇಬಿಟ್ಟಿದ್ದೆವು. ಟ್ರಾಫಿಕ್, ಪಾರ್ಕಿಂಗ್, ಕ್ಯೂ. "ಈಗ ಮೊದಲಿನ ರುಚಿ ಎಲ್ಲಿದೆ" ಅನ್ನುವವರು ಬೇರೆ. ಹಾಗನ್ನುವವರೂ ಅಲ್ಲಿಗೆ ಹೋಗಿ ಯಾವ ಕಾಲವಾಗಿರುತ್ತದೋ!

1965ರಲ್ಲಿ ಶುರುವಾದ ಪುಟ್ಟ ಜಾಗ ಅದು. ಇಡ್ಲಿ, ವಡೆ, ಖಾರಾಬಾತ್, ಕೇಸರಿಬಾತ್, ಕಾಫಿ, ಟೀ. ಸಾಂಬಾರ್ ಕೇಳಬೇಡಿ, ಇಲ್ಲ. ಚಟ್ನಿ ಮಾತ್ರ ಕೇಳಿದಷ್ಟು. ನಿಂತೇ ತಿನ್ನಬೇಕಲ್ಲ, ಅಮ್ಮನಿಗೆ ಆಗುತ್ತಾ ಅಂತ ನಾನು ಒದ್ದಾಡುತ್ತಿದ್ದೆ. ತಲೆಗೆ ಕಟ್ಟಿದ ಸ್ಕಾರ್ಫ್ ನೋಡಿ ಅಲ್ಲಿನವರೊಬ್ಬರು ಏನೂ ಕೇಳದೆ ಒಳಗಿನಿಂದ ಸ್ಟೂಲ್ ತಂದು ಇಟ್ಟರು. ಅಮ್ಮ ಇಡ್ಲಿ ಮುರಿದು ಚಟ್ನಿಯಲ್ಲಿ ಅದ್ದಿ ಬಾಯಿಗಿಟ್ಟು ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಕಾಯಿ ಸಿಹಿ ಗೊತ್ತಾಗ್ತಿದೆ ಕಣೋ," ಅಂದಳು. ಆಮೇಲೆ ಎದ್ದು ತಾನೇ ಹೋಗಿ ತಟ್ಟೆ ಒಡ್ಡಿ ಇನ್ನಷ್ಟು ಚಟ್ನಿ ಹಾಕಿಸಿಕೊಂಡಳು. ಸ್ಟೂಲ್ ತಂದುಕೊಟ್ಟ ಅಣ್ಣಾ, ಕ್ಯೂ ಇದ್ದಿದ್ದರಿಂದ ಅವತ್ತು ಸರಿಯಾಗಿ ಮಾತಾಡಲೂ ಆಗಲಿಲ್ಲ. ತುಂಬಾ ಥ್ಯಾಂಕ್ಸ್.

ಅಲ್ಲಿಂದ ಧೈರ್ಯ ಬಂತು. ಮುಂದಿನ ಸರದಿ ಗಾಂಧಿಬಜಾರಿನ ವಿದ್ಯಾರ್ಥಿ ಭವನ. 1943ರ ಹೋಟೆಲು. ಈಗಲೂ ಬಿಳಿ ಪಂಚೆ ಉಟ್ಟವರು ತೋಳಿನ ಉದ್ದಕ್ಕೂ ದೋಸೆ ತಟ್ಟೆಗಳನ್ನು ಜೋಡಿಸಿಕೊಂಡು ಬರುತ್ತಾರೆ. ನನ್ನ ಮಗಳು ತಿನ್ನುವುದು ಬಿಟ್ಟು ಅದನ್ನೇ ನೋಡುತ್ತಾ ಕುಳಿತಿದ್ದಳು. ದೋಸೆ ಮೇಲೆ ಗರಿಗರಿ, ಒಳಗೆ ಮೆತ್ತಗೆ, ಬೆರಳಿಗೆಲ್ಲ ತುಪ್ಪ. ಬಾಕ್ಸಿನಲ್ಲಿ ಬೆವರಿ ಮನೆಗೆ ಬರುವ ದೋಸೆಯನ್ನೇ ದೋಸೆ ಅಂದುಕೊಂಡಿರುವ ಮಕ್ಕಳಿಗೆ ಇದನ್ನೊಮ್ಮೆ ತಿನ್ನಿಸಲೇಬೇಕು. ಅಮ್ಮ ಅರ್ಧ ತಿಂದು ಮಿಕ್ಕಿದ್ದನ್ನು ನನ್ನ ತಟ್ಟೆಗೆ ತಳ್ಳಿದಳು. ಅದೂ ಹಳೇ ಅಭ್ಯಾಸವೇ.

ಎಲ್ಲವೂ ಹಾಗೇ ಉಳಿದಿದೆ ಅಂತೇನಲ್ಲ. ಅಮ್ಮ ಕಾಲೇಜಿಗೆ ಹೋಗುವಾಗ ಗೆಳತಿಯರ ಜೊತೆ ಕಾಫಿ ಕುಡಿಯುತ್ತಿದ್ದ ಹೋಟೆಲನ್ನು ಹುಡುಕಿಕೊಂಡು ಹೋದರೆ ಅಲ್ಲಿ ಮೊಬೈಲ್ ಅಂಗಡಿ ಇತ್ತು. "ಸರಿ ನಡಿ," ಅಂದಳು, ಅಷ್ಟೇ.

ಇನ್ನು ಲಾಲ್‌ಬಾಗ್ ರಸ್ತೆಯ ಎಂ.ಟಿ.ಆರ್. ಬಾಕಿ ಇದೆ. ಎರಡನೇ ಮಹಾಯುದ್ಧದಲ್ಲಿ ಅಕ್ಕಿಗೆ ಬರ ಬಂದಾಗ ಅಲ್ಲಿ ರವೆ ಇಡ್ಲಿ ಹುಟ್ಟಿದ್ದು ಅಂತ ಅಮ್ಮ ಮೊಮ್ಮಕ್ಕಳಿಗೆ ಪಾಠ ಬೇರೆ ಮಾಡುತ್ತಿದ್ದಾಳೆ. ಸಹಾಯ ಮಾಡಿದವರನ್ನೆಲ್ಲ ಅಲ್ಲಿಗೇ ಕರೆಯಬೇಕಂತೆ. ಸೋಮವಾರ ಅವರಿಗೆ ರಜೆ. ಮಿಕ್ಕ ಯಾವ ದಿನ ನಿಮಗೆ ಬಿಡುವಿದೆ ಅಂತ ಫೋನ್ ಮಾಡಿ ಹೇಳಿ. ಬೆಳಿಗ್ಗೆ ಬೇಗ ಬರಬೇಕು, ಕ್ಯೂ ಜಾಸ್ತಿ ಇರುತ್ತೆ. ಬಿಲ್ಲು ಮಾತ್ರ ಅಮ್ಮನೇ ಕೊಡುತ್ತಾಳಂತೆ, ಯಾರೂ ಪರ್ಸ್ ತೆಗೆಯುವ ಹಾಗಿಲ್ಲ.